ಪಾದ ತೊಳೆಯುವ ನೀರು

ಸಿರುಗುಪ್ಪ ದಾಟಿ ಬಳ್ಳಾರಿ ದಾರಿಯಲ್ಲಿ ಆರು ಮೈಲಿ ಬಂದರೆ ಕಾಲುವೆ ಸಿಗುತ್ತಿತ್ತು. ಕಾಲುವೆಯ ಈಚೆ ದಂಡೆಯಲ್ಲಿ ಬಂಡೆ ಹೊದಿಸಿದ ಉದ್ದನೆಯ ಮನೆ, ಅದಕ್ಕೆ ಅಂಟಿಕೊಂಡು ಪುಟ್ಟ ಚರ್ಚು, ಹಿಂದೆ ಎರಡೆಕರೆ ತೋಟ. ಆಚೆ ದಂಡೆಯಲ್ಲಿ ಒಂದೇ ಸಾಲಿಗೆ ಹದಿನಾಲ್ಕು ಗುಡಿಸಲು. ನಡುವೆ ಕಲ್ಲಿನ ಸೇತುವೆ, ಒಬ್ಬರು ಎದುರಾದರೆ ಇನ್ನೊಬ್ಬರು ಮೈ ಓರೆ ಮಾಡಬೇಕಾದಷ್ಟು ಕಿರಿದು. ಈಚೆಗಿನದನ್ನು ಸುತ್ತಲಿನವರು ಪಾದ್ರಿ ಮಠ ಅನ್ನುತ್ತಿದ್ದರು. ಹಲಕುಂದಿಯಲ್ಲೊಂದು ಮಠ, ಇಲ್ಲೊಂದು ಮಠ. ಅಲ್ಲಿ ಕಾವಿ, ಇಲ್ಲಿ ಬಿಳಿ ನಿಲುವಂಗಿ ಎಂದು ಅವರು ಲೆಕ್ಕ ಮುಗಿಸಿದ್ದರು. ಆಚೆಗಿನದಕ್ಕೆ ಹೆಸರಿರಲಿಲ್ಲ. ಹೆಸರು ಹಿಡಿದರೆ ರೋಗ ಹಿಡಿದೀತು ಎಂಬಂತೆ 'ಆಚಿ ದಂಡಿ' ಎಂದಷ್ಟೇ ಹೇಳುತ್ತಿದ್ದರು. ಅಲ್ಲಿದ್ದವರೆಲ್ಲ ಕುಷ್ಠ ಹಿಡಿದವರು.

1961ರಲ್ಲಿ ಕುರುಗೋಡಿನ ಮಾರೆಣ್ಣ ತನ್ನ ತಾಯಿ ಉಚ್ಚೆಂಗೆಮ್ಮನನ್ನು ಎತ್ತಿನ ಗಾಡಿಯಲ್ಲಿ ಅಲ್ಲಿಗೆ ಕರೆತಂದ. ಅವನಿಗಾಗ ಹದಿನಾಲ್ಕು ವರ್ಷ. ಹೊರಡುವಾಗ ತಂದೆ ಗಾಳೆಪ್ಪ ಗಾಡಿಯಿಂದ ಹತ್ತು ಮಾರು ದೂರ ನಿಂತು, "ಆಕಿನ್ನ ಬಿಟ್ಟು ಬರೋದಾದ್ರ ಬಾ. ಇಲ್ಲಂದ್ರ ನೀನೂ ಅಲ್ಲೇ ಇದ್ದುಬಿಡು" ಅಂದಿದ್ದ.

ಗಾಡಿ ನಿಂತಾಗ ಹೊರಬಂದವರು ಬ್ರದರ್ ಇನ್ನಾಸಪ್ಪ. ಬಳ್ಳಾರಿ ಪೇಟೆಯಲ್ಲೇ ಹುಟ್ಟಿದವರು, ಮಠದ ಅಡುಗೆಯವರು, ಆಗಲೇ ಅರವತ್ತಾರು ವಯಸ್ಸು. ಏನೂ ಕೇಳಲಿಲ್ಲ. ಅಂಗಳದಲ್ಲಿ ನೆಲದ ಮೇಲೆ ಕೂತು, ಉಚ್ಚೆಂಗೆಮ್ಮನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಿದ್ದ ಅರಿವೆ ಬಿಚ್ಚಿದರು. ಅರಿವೆ ಹುಣ್ಣಿಗೆ ಅಂಟಿತ್ತು. ತಂಬಿಗೆಯಿಂದ ನೀರು ಬಿಟ್ಟು ನೆನೆಸಿ ನೆನೆಸಿ ಬಿಡಿಸಿದರು. ಆರು ವರ್ಷಗಳಲ್ಲಿ ಆಕೆಯನ್ನು ಯಾರೂ ಮುಟ್ಟಿರಲಿಲ್ಲ. ಮಾರೆಣ್ಣನೂ ಮುಟ್ಟಿರಲಿಲ್ಲ. ಅವನು ಎತ್ತಿನ ಹಗ್ಗ ಹಿಡಿದು ನೋಡುತ್ತ ನಿಂತ. ಮುಂದೆ ಯಾರಾದರೂ "ನೀನ್ಯಾಕೆ ಪಾದ್ರಿಗಳ ಕೂಡ ಸೇರಿದಿ?" ಎಂದು ಕೇಳಿದರೆ ಅವನಿಗೆ ನೆನಪಾಗುತ್ತಿದ್ದದ್ದು ಆ ತಂಬಿಗೆ. ದೇವರ ಹೆಸರು ಅವನಿಗೆ ಆಮೇಲೆ ಬಂತು.

ತಾಯಿ ಎರಡು ವರ್ಷ ಬದುಕಿ ಆಚೆ ದಂಡೆಯಲ್ಲೇ ತೀರಿಕೊಂಡಳು. ಮಾರೆಣ್ಣ ಊರಿಗೆ ಹೋಗಲಿಲ್ಲ. 1965ರಲ್ಲಿ ದೀಕ್ಷೆಗೆ ಸೇರಿ ಬ್ರದರ್ ಲೂಕನಾದ. 1967ರಲ್ಲಿ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಆರು ವರ್ಷದ ಮಟ್ಟಿಗೆ ತೊಟ್ಟ. ಆ ಅವಧಿ ಮುಗಿದ ಮೇಲೆ, 1973ರ ಆಗಸ್ಟ್ ಹದಿನೈದಕ್ಕೆ, ಸಾಯುವತನಕದ ವ್ರತ. ಅದಾದರೆ ಮಠ ಅವನದು, ಅವನು ಮಠದವನು. ಸತ್ತರೆ ತೋಟದ ಮೂಲೆಯ ಸಮಾಧಿಗಳ ಸಾಲಿನಲ್ಲಿ ಅವನಿಗೂ ಆರಡಿ ಜಾಗ.

ದಿನವೆಂದರೆ ಗಂಟೆ. ನಸುಕಿನ ನಾಲ್ಕಕ್ಕೆ ಏಳುವ ಗಂಟೆ, ನಾಲ್ಕೂವರೆಗೆ ಕೀರ್ತನೆ, ಆರಕ್ಕೆ ಬಲಿಪೂಜೆ, ಏಳಕ್ಕೆ ಗಂಜಿ. ಎಂಟರಿಂದ ಹನ್ನೊಂದೂವರೆವರೆಗೆ ಲೂಕ ಆಚೆ ದಂಡೆಯಲ್ಲಿ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದ, ಮಾತ್ರೆ ಕೊಡುತ್ತಿದ್ದ. ಹೊಸದಾಗಿ ಬಂದವರಿಗೆ ಕಣ್ಣು ಮುಚ್ಚಿಸಿ, ಹತ್ತಿಯ ಎಳೆ ಮುಟ್ಟಿಸಿ, ಚರ್ಮದಲ್ಲಿ ಅರಿವು ಎಲ್ಲಿದೆ, ಎಲ್ಲಿಲ್ಲ ಎಂದು ಗುರುತು ಹಾಕುತ್ತಿದ್ದ. ಮಧ್ಯಾಹ್ನ ಮತ್ತೆ ಪ್ರಾರ್ಥನೆ, ಊಟ; ಉಣ್ಣುವಾಗ ಒಬ್ಬರು ಓದಬೇಕು, ಉಳಿದವರು ಮಾತಾಡಬಾರದು. ಆಮೇಲೆ ತೋಟ. ಸಂಜೆ ಪ್ರಾರ್ಥನೆಯ ನಂತರ ಬೆಳಗಿನವರೆಗೆ ಮೌನ. 1966ರಲ್ಲಿ ಕೀರ್ತನೆಗಳೆಲ್ಲ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂದವು. ಇನ್ನಾಸಪ್ಪನವರು ಮಾತ್ರ ತುಟಿಯಲ್ಲಿ ಲ್ಯಾಟಿನ್ನೇ ಗುನುಗುತ್ತಿದ್ದರು.

ಇದಕ್ಕೆಲ್ಲ ಒಂದು ನಿಯಮದ ಪುಸ್ತಕವಿತ್ತು. ನೂರೈವತ್ತು ವರ್ಷಗಳ ಹಿಂದೆ ಯುರೋಪಿನ ಯಾವುದೋ ಹಿಮ ಬೀಳುವ ಊರಿನಲ್ಲಿ ಬರೆದದ್ದು. ಚಳಿಗಾಲದಲ್ಲಿ ಎರಡು ಕಂಬಳಿ ಕೊಡಬೇಕು ಎಂದು ಅದರಲ್ಲಿತ್ತು. ಸಿರುಗುಪ್ಪದ ಮಠದಲ್ಲಿ ಆ ಕಂಬಳಿಗಳನ್ನು ಕಪಾಟಿನಲ್ಲಿ ಪೇರಿಸಿಟ್ಟಿದ್ದರು, ನುಸಿ ತಿನ್ನುತ್ತಿತ್ತು. ಪವಿತ್ರ ಗುರುವಾರ ಸಂಜೆ ಮಠದ ಹಿರಿಯರು ಹನ್ನೆರಡು ಜನರ ಬಲಗಾಲನ್ನು ಬೆಚ್ಚನೆಯ ನೀರಿನಿಂದ ತೊಳೆಯಬೇಕು ಎಂದೂ ಇತ್ತು. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ. ಏಪ್ರಿಲ್ ತಿಂಗಳು, ನೆರಳಿನಲ್ಲೇ ನಲವತ್ತೊಂದು ಡಿಗ್ರಿ. ಆದರೂ ನೀರು ಕಾಯಿಸುತ್ತಿದ್ದರು. ಪುಸ್ತಕದಲ್ಲಿದೆಯಲ್ಲ.

ಪುಸ್ತಕದಲ್ಲಿ ಇನ್ನೊಂದು ಮಾತೂ ಇತ್ತು. ಅಂಟುರೋಗವಿರುವವನನ್ನು ಆಜೀವ ವ್ರತಕ್ಕೆ ಸೇರಿಸಕೂಡದು.

1973ರ ಜನವರಿಯಲ್ಲಿ ಸ್ನಾನ ಮಾಡುವಾಗ ಲೂಕನಿಗೆ ಎಡ ಮೊಣಕೈ ಹತ್ತಿರ ಎಂಟಾಣೆ ಬಿಲ್ಲೆಯಷ್ಟು ಅಗಲದ ಮಚ್ಚೆ ಕಂಡಿತು. ಸುತ್ತಲಿನ ಚರ್ಮಕ್ಕಿಂತ ಬಣ್ಣ ತಿಳಿ, ರೋಮವಿಲ್ಲ. ಸೂಜಿಯ ಮೊನೆ ತಾಗಿಸಿದ; ಒತ್ತುವುದು ತಿಳಿಯಿತು, ಚುಚ್ಚುವುದು ತಿಳಿಯಲಿಲ್ಲ. ಬೇರೆಯವರ ಮೈಮೇಲೆ ಇಂಥವನ್ನು ನೂರಾರು ನೋಡಿದವನು. ಒಂದೇ ಮಚ್ಚೆ ಇದ್ದರೆ ಅದು ಇನ್ನೊಬ್ಬರಿಗೆ ಹರಡುವುದು ಬಲು ಅಪರೂಪ ಎಂದೂ ಗೊತ್ತಿತ್ತು. ಹೇಳಿದರೆ ಆಗಸ್ಟ್ ಹೋಯಿತು. ಮರುದಿನದಿಂದ ರೋಗಿಗಳ ಡಬ್ಬಿಯಿಂದ ದಿನಕ್ಕೊಂದು ಡ್ಯಾಪ್ಸೋನ್ ಮಾತ್ರೆ ತೆಗೆದು ನುಂಗತೊಡಗಿದ. ಏಳು ತಿಂಗಳು ನುಂಗಿದರೆ ವ್ರತವಾಗುತ್ತದೆ, ಆಮೇಲೆ ಹೇಳೋಣ ಎಂದುಕೊಂಡ. ಉದ್ದ ತೋಳಿನ ನಿಲುವಂಗಿ ಉಳಿದದ್ದನ್ನು ನೋಡಿಕೊಂಡಿತು.

ಎಲ್ಲವನ್ನೂ ಅದು ಮುಚ್ಚಲಿಲ್ಲ. ಫೆಬ್ರುವರಿಯ ಒಂದು ಬೆಳಿಗ್ಗೆ ಕೊಳಗಲ್ಲಿನ ಎಲ್ಲಮ್ಮನ ಪಾದಕ್ಕೆ ಪಟ್ಟಿ ಸುತ್ತುತ್ತಿದ್ದ. ಇಪ್ಪತ್ತು ವರ್ಷದಿಂದ ಆಚೆ ದಂಡೆಯಲ್ಲಿದ್ದ ಹೆಂಗಸು. ಎರಡೂ ಕೈಯ ಬೆರಳು ಅರ್ಧರ್ಧ ಸವೆದಿದ್ದವು, ನಾಲಿಗೆ ಮಾತ್ರ ಸವೆದಿರಲಿಲ್ಲ.

"ಲೇ ಬ್ರದರಪ್ಪ, ನಿನ್ನ ಕಿರಿಬೆರಳು ಯಾಕ ಹಂಗ ಒಳಗ ಮಡಚೇತಿ?"

ಲೂಕ ಎಡಗೈ ನೋಡಿಕೊಂಡ. ಕಿರುಬೆರಳು ತುಸು ಬಾಗಿತ್ತು. "ಸಲಿಕಿ ಹಿಡಿದು ಹಿಡಿದು ಹಂಗಾಗೈತಿ."

"ನಾನೂ ಹಂಗs ಅಂದಿದ್ದೆ. ಕುಡಗೋಲು ಹಿಡಿದು ಹಿಡಿದು ಅಂತ." ಎಲ್ಲಮ್ಮ ತನ್ನ ಮೋಟು ಕೈ ಎತ್ತಿ ಅವನ ಮುಖದ ಮುಂದೆ ಹಿಡಿದಳು. "ನೋಡು, ಎಂಥಾ ಕುಡಗೋಲು ಅದು."

"ಸುಮ್ಕಿರಬೇ. ಎಲ್ಲಾರೂ ನಿನ್ನಂಗs ಇರ್ಬೇಕೇನು?"

ಆಡಿದ ಮೇಲೆ ಮಾತು ಕೆಟ್ಟದಾಯಿತು ಅನಿಸಿತು. ಎಲ್ಲಮ್ಮ ನಕ್ಕಳು. "ಬ್ಯಾಡಪ್ಪ ತಂದೆ. ನನ್ನಂಗ ಯಾರೂ ಇರಬಾರ್ದು" ಅಂದಳು. ಲೂಕ ಪಟ್ಟಿಯ ತುದಿ ಹರಿದು ಗಂಟು ಹಾಕಿ ಎದ್ದ. ಮೊಣಕೈಯ ನರ ಕೆಟ್ಟರೆ ಮೊದಲು ಅರಿವು ಹೋಗುವುದು ಕಿರುಬೆರಳಿನದೇ ಎಂದು ಅವನಿಗೆ ಪಾಠದಂತೆ ಬಾಯಿಗೆ ಬರುತ್ತಿತ್ತು. ತನ್ನ ಬೆರಳನ್ನು ಮಾತ್ರ ಪರೀಕ್ಷಿಸಲಿಲ್ಲ. ಪರೀಕ್ಷಿಸಿದರೆ ಉತ್ತರ ಸಿಗುತ್ತಿತ್ತು.

ಮಾರ್ಚಿನಲ್ಲಿ ಅವನನ್ನು ಬಳ್ಳಾರಿಗೆ ಕಳಿಸಿದರು, ಆಜೀವ ವ್ರತದ ಹೊಸ ನಿಲುವಂಗಿಗೆ ಬಟ್ಟೆ ತರಲು. ಬ್ರೂಸ್‌ಪೇಟೆಯ ಅಂಗಡಿಯ ದೊಡ್ಡಬಸಪ್ಪ ಬಿಳಿ ಪಾಪ್ಲಿನ್ ಹರವಿ, "ಮದಿವಿ ಏನ್ರಿ ಸ್ವಾಮಿ?" ಎಂದು ಚೇಷ್ಟೆ ಮಾಡಿದ. ಲೂಕ "ಹೂನ್ರಿ, ಆಗಸ್ಟಿನಾಗ" ಅಂದ. ಇಬ್ಬರೂ ನಕ್ಕರು. ಐದು ಗಜ ಬಟ್ಟೆ ಕಂಕುಳಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಿಂತೇ ಬಂದ. ದಾರಿಯುದ್ದಕ್ಕೂ ಅವನಿಗೆ ಸಂತೋಷವಾಗಿತ್ತು. ಅದನ್ನು ಅವನು ಎಂದೂ ಮರೆಯಲಿಲ್ಲ.

ಆ ವರ್ಷ ಪವಿತ್ರ ಗುರುವಾರ ಏಪ್ರಿಲ್ ಹತ್ತೊಂಬತ್ತಕ್ಕೆ ಬಂತು. ನೀರು ಕಾಯಿಸುವ ಕೆಲಸ ನಾಲ್ಕು ವರ್ಷದಿಂದ ಲೂಕನದೇ. ಅಡುಗೆಮನೆಯಲ್ಲಿ ಬಿಂದಿಗೆಗೆ ಅರ್ಧದಷ್ಟು ತಣ್ಣೀರು ಹಾಕಿ, ಕುದಿಯುವ ನೀರನ್ನು ಬಲಗೈಯ ಚೊಂಬಿನಿಂದ ಸುರಿಯುತ್ತ, ಎಡಗೈಯ ಕಿರುಬೆರಳು ಅದ್ದಿ ಹದ ನೋಡುವುದು. ಕೂಸುಗಳಿಗೆ ನೀರು ಹಾಕುವಾಗ ಅವನ ತಾಯಿ ಹಾಗೇ ನೋಡುತ್ತಿದ್ದಳು. ಅಂದು ಬೆರಳು ಅದ್ದಿದ. ಸಾಲದು ಅನಿಸಿತು. ಇನ್ನಷ್ಟು ಹಾಕಿ ಮತ್ತೆ ಅದ್ದಿದ. ಇನ್ನೂ ಬೆಚ್ಚಗಾಗಿಲ್ಲ. ಗಂಟೆ ಹೊಡೆಯುತ್ತಿತ್ತು, ಮತ್ತೊಂದು ಚೊಂಬು ಸುರಿದು, ಬಿದಿರಿನ ಹಿಡಿಯ ಹೂಜಿಗೆ ತುಂಬಿ ಚರ್ಚಿಗೆ ಒಯ್ದ. ಕಾದ ಒಣ ಗಾಳಿಯಲ್ಲಿ ಹಬೆ ಕಣ್ಣಿಗೆ ಕಾಣುವುದಿಲ್ಲ.

ಹನ್ನೆರಡು ಜನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರಿಗಿಂತ ಹಿರಿಯರಾದ ಇನ್ನಾಸಪ್ಪನವರು ಮೊದಲಿಗೆ. ಅವರಿಗೀಗ ಎಪ್ಪತ್ತೆಂಟು, ಸಕ್ಕರೆ ಕಾಯಿಲೆ ಬೇರೆ. ಎರಡನೆಯವನು ತೋಟದ ಆಳು ಎರ್ರಣ್ಣ. ಮಠದ ಹಿರಿಯರಾದ ಫಾದರ್ ಲೋಬೊ, ಮಂಗಳೂರಿನ ಕಡೆಯವರು, ಮಂಡಿಯೂರಿ ಹೂಜಿ ಬಗ್ಗಿಸಿದರು. ಲೂಕ ತಟ್ಟೆ ಹಿಡಿದಿದ್ದ. ವಯಸ್ಸಿನಲ್ಲಿ ದೊಡ್ಡವರೆಂಬ ಗೌರವಕ್ಕೆ ಫಾದರ್ ಆ ಮುದುಕರ ಪಾದಕ್ಕೆ ನಿಧಾನವಾಗಿ, ಧಾರಾಳವಾಗಿ ನೀರು ಬಿಟ್ಟರು. ಇನ್ನಾಸಪ್ಪನವರ ಕೈ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ಕಣ್ಣು ಮುಚ್ಚಿಕೊಂಡರು. ತುಟಿ ಅಲುಗುತ್ತಿತ್ತು. ಭಕ್ತಿಯಿಂದ ಹಾಗೆ ಮಾಡಿದ್ದಾರೆಂದು ಲೂಕ ತಿಳಿದ.

ಆಮೇಲೆ ಎರ್ರಣ್ಣನ ಸರದಿ. ನೀರು ಬಿದ್ದದ್ದೇ ತಡ, "ಯಪ್ಪಾ! ಸುಡ್ತೈತ್ರೀ!" ಎಂದು ಕಾಲು ಎಳೆದುಕೊಂಡ. ತಟ್ಟೆ ಉರುಳಿತು. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಹೂಜಿಗೆ ತಣ್ಣೀರು ಬೆರೆಸಿ ಉಳಿದವರ ಕಾಲು ತೊಳೆದರು, ಪೂಜೆ ಮುಗಿಯಿತು. ಇನ್ನಾಸಪ್ಪನವರು ಗೋಡೆ ಹಿಡಿದು ನಡೆದು ತಮ್ಮ ಕೋಣೆಗೆ ಹೋದರು.

ಬೆಳಿಗ್ಗೆ ಅವರು ಎದ್ದು ಬರಲಿಲ್ಲ. ಪಾದದ ಮೇಲ್ಭಾಗದ ಚರ್ಮ ಬೊಬ್ಬೆಯೆದ್ದು ಸುಲಿದಿತ್ತು.

ಮಠದಲ್ಲಿ ಪ್ರತಿ ಶುಕ್ರವಾರ ತಪ್ಪೊಪ್ಪಿಗೆಯ ಸಭೆ. ಒಬ್ಬೊಬ್ಬರೇ ನಡುವೆ ಮಂಡಿಯೂರಿ, ಆ ವಾರ ನಿಯಮಕ್ಕೆ ತಪ್ಪಿದ್ದನ್ನು ಬಾಯಿಬಿಟ್ಟು ಹೇಳಬೇಕು: ಲೋಟ ಒಡೆದೆ, ಗಂಟೆಗೆ ತಡವಾಗಿ ಬಂದೆ, ಮೌನದ ಹೊತ್ತಿನಲ್ಲಿ ಮಾತಾಡಿದೆ. ಹಿರಿಯರು ಪ್ರಾಯಶ್ಚಿತ್ತ ಹೇಳುತ್ತಾರೆ. ಹೇಳಿದ್ದನ್ನು ನಂಬಬೇಕು, ಯಾರೂ ಮರುಪ್ರಶ್ನೆ ಕೇಳುವಂತಿಲ್ಲ.

"ಪಾದ ತೊಳೆಯುವ ನೀರನ್ನು ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿದೆ" ಎಂದ ಲೂಕ.

"ಅಜಾಗರೂಕತೆ. ಒಂದು ವಾರ ಮಂಡಿಯೂರಿ ಊಟ ಮಾಡಿ" ಎಂದರು ಫಾದರ್ ಲೋಬೊ. ಅಲ್ಲಿಗೆ ಮುಗಿಯಿತು.

ಲೂಕ ಅಂದು ಮಧ್ಯಾಹ್ನ, ಎಲ್ಲರೂ ಮಲಗಿದ ಹೊತ್ತಿನಲ್ಲಿ, ಅದೇ ಬಿಂದಿಗೆಗೆ ಅಷ್ಟೇ ತಣ್ಣೀರು, ಅಷ್ಟೇ ಕುದಿನೀರು ಬೆರೆಸಿ, ಔಷಧಿ ಕೋಣೆಯಲ್ಲಿ ನೀರಿನ ಬಿಸಿ ಅಳೆಯಲು ಇದ್ದ ಥರ್ಮಾಮೀಟರ್ ಇಳಿಬಿಟ್ಟ. ಅರವತ್ತೆರಡು ಡಿಗ್ರಿ. ಆಮೇಲೆ ಕಿರುಬೆರಳು ಅದ್ದಿದ. ಬೆಚ್ಚಗೂ ಇರಲಿಲ್ಲ.

ಸೇತುವೆ ದಾಟಿ ಎಲ್ಲಮ್ಮನ ಗುಡಿಸಲಿಗೆ ಹೋದ. ಹತ್ತಿಯ ಎಳೆಯನ್ನು ಅವಳ ಎರಡು ಮೋಟು ಬೆರಳ ನಡುವೆ ಸಿಕ್ಕಿಸಿ, ಎಡಗೈಯ ಕಿರುಬೆರಳು ಚಾಚಿ ಕಣ್ಣು ಮುಚ್ಚಿದ.

"ಹತ್ತು ಸಲ ಮುಟ್ಟು. ಗೊತ್ತಾದಾಗ ಹೂಂ ಅಂತೀನಿ."

ಎಲ್ಲಮ್ಮ ಅಂದು ಚೇಷ್ಟೆ ಮಾಡಲಿಲ್ಲ. ಹೊರಗೆ ಕೋಳಿ ಕೆದರುವ ಸದ್ದು. ಕಾಲುವೆಯ ನೀರಿನ ಸದ್ದು.

"ಚಾಲೂ ಮಾಡಬೇ" ಎಂದ ಲೂಕ.

"ಚಾಲೂ ಮಾಡೋದೇನು, ಹತ್ತೂ ಆದ್ವು" ಅಂದಳು. ಆಮೇಲೆ ತೊದಲುತ್ತ, "ಈಗ ಹಲ್ಲಿಲೆ ಕಚ್ಚಿ ಹಿಡದೀನಿ. ಕಣ್ಣು ತಗಿ" ಅಂದಳು.

ಲೂಕ ಕಣ್ಣು ತೆರೆದ. ಅವಳು ನಿಜವಾಗಿಯೂ ಅವನ ಬೆರಳನ್ನು ಹಲ್ಲಿನಲ್ಲಿ ಹಿಡಿದಿದ್ದಳು. ಬಿಟ್ಟಾಗ ಹಲ್ಲಿನ ಗುರುತು ಮೂಡಿತ್ತು.

"ಅಳಬ್ಯಾಡ" ಅಂದಳು. "ನಾನಿಲ್ಲಿಗೆ ಬಂದ ದಿನಾ ಅತ್ತಿದ್ದು ಸಾಕು. ಸ್ವಾಮೇರಿಗೆ ಹೇಳು."

"ಹೇಳಿದ್ರ ಸೇತುವಿ ದಾಟಿಸ್ತಾರ."

"ದಾಟಿಸ್ಲಿ. ಈಚಿಗೇನು ಹುಲಿ ಅದಾವೇನು? ನಾವು ಅದೀವಿ."

ಆದರೆ ಲೂಕ ಹೇಳಲಿಲ್ಲ. ಮುಂದಿನ ಶುಕ್ರವಾರವೂ ಇಲ್ಲ, ಅದರ ಮುಂದಿನ ಶುಕ್ರವಾರವೂ ಇಲ್ಲ. ದಿನಕ್ಕೆರಡು ಸಲ ಇನ್ನಾಸಪ್ಪನವರ ಕಾಲಿಗೆ ಬಲಗೈಯಿಂದ ಔಷಧಿ ಹಚ್ಚಿ ಪಟ್ಟಿ ಕಟ್ಟುತ್ತಿದ್ದ. ಸಕ್ಕರೆ ಕಾಯಿಲೆಯ ಮೈ, ಗಾಯ ಮಾಗಲಿಲ್ಲ. ಎರಡನೆಯ ವಾರ ಹೆಬ್ಬೆರಳು ಕಪ್ಪಾಯಿತು. ಬಳ್ಳಾರಿಯಿಂದ ಕರೆಸಿದ ವೈದ್ಯರು ಮೊಣಕಾಲಿನ ಕೆಳಗೆ ಕತ್ತರಿಸಬೇಕು ಅಂದರು. ಇನ್ನಾಸಪ್ಪನವರು, "ಎಪ್ಪತ್ತೆಂಟು ವರ್ಷ ಎರಡರ ಮ್ಯಾಲೆ ನಡದೀನ್ರಿ ಡಾಕ್ಟ್ರೆ, ದೇವರ ಹತ್ರ ಕುಂಟಕೋಂತ ಹೋಗ್ಲೇನು?" ಎಂದು ಒಪ್ಪಲಿಲ್ಲ.

ಮೇ ತಿಂಗಳ ಆರಂಭದ ಒಂದು ಸಂಜೆ ಪಟ್ಟಿ ಬಿಚ್ಚುವಾಗ ಲೂಕ ತಡೆಯಲಾರದೆ ಕೇಳಿದ: "ಅಜ್ಜಾರ, ಅವತ್ತು ಯಾಕ ಕೂಗಲಿಲ್ಲ?"

"ಪೂಜಿ ನಡುವ ಕೂಗ್ತಾರೇನಪ? ಗುರುಗಳು ನನ್ನ ಕಾಲು ಹಿಡದಾರ. ಇದೂ ದೇವರು ಕೊಟ್ಟಿದ್ದs ಅಂತ ತಗೊಂಡೆ." ಮುದುಕರು ಉಸಿರು ಕೂಡಿಸಿಕೊಂಡರು. "ತಪ್ಪು ಮಾಡಿದೆ. ಕೂಗಿದ್ರ ಇಷ್ಟು ಆಗ್ತಿರ್ಲಿಲ್ಲ. ಸಂನ್ಯಾಸಿ ಆದ ಮಂದಿಗೆ ಇದೊಂದು ಖೋಡಿ ಬುದ್ಧಿ ಬರ್ತೈತಿ, ಸುಮ್ನಿರೋದs ದೊಡ್ಡದು ಅಂತ."

ಲೂಕ ಪಟ್ಟಿಯ ಕೊನೆಯ ಸುತ್ತು ಬಿಚ್ಚಿದ.

"ನಲವತ್ತು ವರ್ಷ ಒಲಿ ಮುಂದ ಕುಂತವ ನಾನು. ಅಂಥಾ ನೀರಿಗೆ ಬೆರಳಿಟ್ಟವ ಹೌಹಾರಿ ಹಿಂದ ತಗೀತಾನ. ನೀ ತಗೀಲಿಲ್ಲ. ಯಾಕ ಅಂತ ನನಗ ಗೊತ್ತಿಲ್ಲೇನು? ನಿಮ್ಮವ್ವನ ಕಾಲು ತೊಳದವ ನಾನು." ಅವರು ಕೈ ಚಾಚಿ ಲೂಕನ ಎಡಗೈಯನ್ನು ಹುಡುಕಿ ಹಿಡಿದುಕೊಂಡರು. "ಸಭಾದಾಗ ಅರ್ಧ ಹೇಳಿದಿ ಅಂತ ಕೇಳಿದೆ. ಉಳಿದರ್ಧ ಯಾವಾಗ?"

"ಆಗಸ್ಟ್ ಆದಮ್ಯಾಲೆ..." ಎಂದ ಲೂಕ. ಹೇಳುವಾಗಲೇ ಅದು ಎಷ್ಟು ಚಿಕ್ಕ ಮಾತು ಎಂದು ಅವನಿಗೆ ಕೇಳಿಸಿತು.

ಇನ್ನಾಸಪ್ಪನವರು ಕೈ ಬಿಡಲಿಲ್ಲ. ಲೂಕನಿಗೆ ಅವರ ಹಿಡಿತ ಹೆಬ್ಬೆರಳಿನ ಕಡೆ ಗೊತ್ತಾಗುತ್ತಿತ್ತು, ಕಿರುಬೆರಳಿನ ಕಡೆ ಗೊತ್ತಾಗುತ್ತಿರಲಿಲ್ಲ.

ಮೇ ಒಂಬತ್ತಕ್ಕೆ ಅವರು ತೀರಿಕೊಂಡರು. ಹತ್ತಕ್ಕೆ ಮಣ್ಣಾಯಿತು. ಹನ್ನೊಂದು ಶುಕ್ರವಾರ.

ಲೂಕ ನಡುವೆ ಮಂಡಿಯೂರಿದ. "ಜನವರಿಯಿಂದ ನನಗೆ ಕುಷ್ಠ ಇದೆ. ಮುಚ್ಚಿಟ್ಟೆ. ರೋಗಿಗಳ ಮಾತ್ರೆ ಕದ್ದು ತಿಂದೆ. ಕಿರುಬೆರಳಿಗೆ ಅರಿವಿಲ್ಲ. ಅದೇ ಬೆರಳಿನಿಂದ ನೀರಿನ ಹದ ನೋಡಿದೆ. ಬ್ರದರ್ ಇನ್ನಾಸಪ್ಪನವರು ಸತ್ತದ್ದು ಅದರಿಂದ."

ಮರುಪ್ರಶ್ನೆ ಕೇಳುವಂತಿರಲಿಲ್ಲ. ಫಾದರ್ ಲೋಬೊ ನಿಯಮದ ಪುಸ್ತಕ ತೆರೆದು ಮುಚ್ಚಿದರು. ಕೊನೆಗೆ, "ಇದಕ್ಕೆ ಪ್ರಾಯಶ್ಚಿತ್ತ ಕೊಡಲು ನನಗೆ ಬರುವುದಿಲ್ಲ" ಎಂದರು. "ಆ ಹೂಜಿ ಹಿಡಿದವನು ನಾನು. ಅವರ ಕಾಲು ಒರೆಸುವಾಗ ಬಟ್ಟೆ ಸುಡುತ್ತಿತ್ತು. ನನಗೂ ಗೊತ್ತಾಗಿತ್ತು. ಪೂಜೆಯ ನಡುವೆ ನಿಲ್ಲಿಸಬಾರದು ಎಂದುಕೊಂಡೆ." ಆಮೇಲೆ ಪುಸ್ತಕದಲ್ಲಿ ಇದ್ದದ್ದನ್ನು ಹೇಳಿದರು. ಪುಸ್ತಕದಲ್ಲಿ ಇದ್ದದ್ದು ಒಂದೇ.

ಲೂಕ ನಿಲುವಂಗಿ ಮಡಚಿ ಬೆಂಚಿನ ಮೇಲಿಟ್ಟ. ಬ್ರೂಸ್‌ಪೇಟೆಯ ಐದು ಗಜ ಬಟ್ಟೆಯನ್ನು ಇನ್ನೂ ಹೊಲಿಸಿರಲಿಲ್ಲ. ಅದನ್ನು ಕೇಳಿ ಪಡೆದುಕೊಂಡ. ಸೇತುವೆ ದಾಟಿ ಮತ್ತೆ ಮಾರೆಣ್ಣನಾದ. ತಾಯಿ ಸತ್ತ ಗುಡಿಸಲು ಖಾಲಿಯಿರಲಿಲ್ಲ, ಅದರ ಪಕ್ಕದ್ದು ಖಾಲಿಯಿತ್ತು. ಎಲ್ಲಮ್ಮ ಬಟ್ಟೆ ನೋಡಿ, "ಇಷ್ಟು ಚಲೋ ಅರಿವೀನ ಹರೀತಿಯಲ್ಲೋ!" ಎಂದು ಕೂಗಿದಳು. ಅವನು ಅದನ್ನು ಮೂರು ಬೆರಳಗಲದ ಪಟ್ಟಿಗಳಾಗಿ ಹರಿದ. ನಲವತ್ತೆಂಟು ಪಟ್ಟಿಗಳಾದವು.

ಮುಂದಿನ ಹನ್ನೊಂದು ವರ್ಷ ಅವನು ಅಲ್ಲೇ ಕಳೆದ. ಮಠದ ಗಂಟೆ ಕೇಳಿದಾಗಲೆಲ್ಲ ಕೆಲಸ ನಿಲ್ಲಿಸಿ ಕೀರ್ತನೆ ಹೇಳುತ್ತಿದ್ದ. ಅದಕ್ಕೆ ವ್ರತ ಬೇಕಿರಲಿಲ್ಲ. ನೀರು ಕಾಯಿಸುವ ಹಂಡೆಯ ಪಕ್ಕದ ಗೂಟಕ್ಕೆ ದಾರ ಕಟ್ಟಿ ಥರ್ಮಾಮೀಟರ್ ತೂಗುಹಾಕಿದ. ಅಕ್ಷರ ಬಾರದವರಿಗಾಗಿ ನಲವತ್ತರ ಗೆರೆಗೆ ಕೆಂಪು ಬಳಿದ. ನೀರಿಗೆ ಕೈ ಹಾಕುವ ಮೊದಲು ಕಣ್ಣು ಹಾಕಬೇಕು ಎಂದು ಪ್ರತಿಯೊಬ್ಬರಿಗೂ ಹೇಳಿಕೊಟ್ಟ. ಅಲ್ಲಿಂದ ಮುಂದೆ ಆಚೆ ದಂಡೆಯಲ್ಲಿ ಯಾರಿಗೂ ನೀರು ಸುಡಲಿಲ್ಲ. ಎಲ್ಲಮ್ಮ ಮಾತ್ರ ಆ ಗಾಜಿನ ಕಡ್ಡಿಗೆ 'ಮಾರೆಣ್ಣನ ಕಿರಿಬೆರಳು' ಎಂದು ಹೆಸರಿಟ್ಟಳು. 1981ರಲ್ಲಿ ಸಾಯುವವರೆಗೂ ಹಾಗೇ ಕರೆದಳು.

ರೋಗ ಅವನ ಬಲಪಾದಕ್ಕೂ ಇಳಿದು, ಅಲ್ಲಿ ನಿಂತಿತು. 1983ರಲ್ಲಿ ವೈದ್ಯರು ಗುಣವಾಗಿದೆ ಎಂದು ಬರೆದುಕೊಟ್ಟರು. ಆ ಕಾಗದ ಹಿಡಿದು ಸೇತುವೆ ದಾಟಿ ಹೋಗಿ, ವ್ರತಕ್ಕೆ ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಿದ. ಫಾದರ್ ಲೋಬೊ ಆಗ ಇರಲಿಲ್ಲ, ಬೇರೆಡೆಗೆ ಹೋಗಿದ್ದರು. ಹೊಸ ಹಿರಿಯರು ಅರ್ಜಿ ಬರೆದು ಮೇಲಕ್ಕೆ ಕಳಿಸಿದರು. ನಾಲ್ಕು ತಿಂಗಳಿಗೆ ಉತ್ತರ ಬಂತು: ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವಂತಿಲ್ಲ. ಮಾರೆಣ್ಣನಿಗೆ ಮೂವತ್ತಾರು.

1984ರಲ್ಲಿ ಪವಿತ್ರ ಗುರುವಾರ ಮತ್ತೆ ಏಪ್ರಿಲ್ ಹತ್ತೊಂಬತ್ತಕ್ಕೇ ಬಂತು. ಆ ವರ್ಷ ಹೊಸ ಹಿರಿಯರು ಪಾದ ತೊಳೆಯುವುದನ್ನು ಆಚೆ ದಂಡೆಯಲ್ಲಿಯೇ ಇಟ್ಟುಕೊಂಡರು. ಹನ್ನೆರಡು ಜನರೂ ಅಲ್ಲಿಯವರೇ. ಮಾರೆಣ್ಣ ಕೊನೆಯಲ್ಲಿ ಕೂತಿದ್ದ. ನೀರು ಕಾಯಿಸಿರಲಿಲ್ಲ. ಫಾದರ್ ಲೋಬೊ ಹೋಗುವ ಮೊದಲು ನಿಯಮದ ಪುಸ್ತಕದಲ್ಲಿ 'ಬೆಚ್ಚನೆಯ' ಎಂಬ ಪದದ ಮೇಲೆ ಗೆರೆ ಎಳೆದಿದ್ದರು. ಕಾಲುವೆಯ ನೀರನ್ನು ಮಣ್ಣಿನ ಕೊಡದಲ್ಲಿ ಬೇವಿನ ನೆರಳಿಗಿಟ್ಟಿದ್ದರು. ಆದರೂ ಮಾರೆಣ್ಣ ಮೊದಲೇ ಗಾಜಿನ ಕಡ್ಡಿ ಇಳಿಬಿಟ್ಟು ನೋಡಿದ್ದ. ಇಪ್ಪತ್ತೇಳು.

ಹಿರಿಯರು ಅವನ ಮುಂದೆ ಮಂಡಿಯೂರಿ ಬಲಗಾಲಿಗೆ ಕೈ ಚಾಚಿದರು.

"ಸ್ವಾಮಿ, ಎಡಗಾಲು ತೊಳೀರಿ."

"ನಿಯಮದಲ್ಲಿ ಬಲಗಾಲು ಎಂದಿದೆಯಲ್ಲ, ಮಾರೆಣ್ಣ."

"ಹೌದ್ರಿ. ಬಲಗಾಲಿಗೆ ಗೊತ್ತಾಗಂಗಿಲ್ರಿ."

ಹಿರಿಯರು ಬಲಗಾಲನ್ನು ಮೆಲ್ಲಗೆ ನೆಲಕ್ಕಿಟ್ಟು, ಎಡಗಾಲನ್ನು ಅಂಗೈಗೆ ತೆಗೆದುಕೊಂಡು, ಕೊಡ ಬಗ್ಗಿಸಿದರು. ನೀರು ಬಿತ್ತು. ಮಾರೆಣ್ಣ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದ.

ತಣ್ಣಗಿತ್ತು.